ಓದುಗರ ಪ್ರಶ್ನೆ: ಸೆರೆಸಿಕ್ಕ ಅಧಿಕಾರಿ ಮತ್ತೆ ಕತ್ತಿ ಹಿಡಿಯುವುದು ಯಾವಾಗ?

ಪ್ರಶ್ನೆ: ನೆಪೋಲಿಯನ್ ಕಾಲದ ಯುದ್ಧಗಳಲ್ಲಿ ಸೆರೆಸಿಕ್ಕ ನೌಕಾಧಿಕಾರಿಗಳು ಶತ್ರುವಿನ ಊರಲ್ಲಿ ಆರಾಮಾಗಿ ಓಡಾಡುತ್ತಿದ್ದರಂತೆ. ಕೆಲವರು ತಮ್ಮ ದೇಶಕ್ಕೂ ಮರಳುತ್ತಿದ್ದರು, ಆದರೆ ವಿನಿಮಯ ಆಗುವತನಕ ಯುದ್ಧಕ್ಕೆ ಹೋಗುತ್ತಿರಲಿಲ್ಲ ಎಂದು ಓದಿದೆ. ಈ ವಿನಿಮಯ ನಡೆಯುತ್ತಿದ್ದುದು ಹೇಗೆ?
– ಓದುಗರು, ಧಾರವಾಡ

ಉತ್ತರ: ನೀವು ಓದಿದ್ದು ಸರಿ. ಬಿಡುಗಡೆ ಬೇರೆ, ವಿನಿಮಯ ಬೇರೆ: ಬಿಡುಗಡೆಯಾದವನು ತನ್ನ ದೇಶಕ್ಕೆ ಮರಳಬಹುದು, ಮತ್ತೆ ಕಾದಾಡಬೇಕಾದರೆ ವಿನಿಮಯ ಆಗಿರಬೇಕು. ಈ ವ್ಯತ್ಯಾಸ ಹಿಡಿದುಕೊಂಡರೆ ಉಳಿದದ್ದೆಲ್ಲ ಬಿಡಿಸಿಕೊಳ್ಳುತ್ತದೆ.

ಸೆರೆಸಿಕ್ಕ ಅಧಿಕಾರಿ ಮೊದಲು ಪೆರೋಲ್ ಮುಚ್ಚಳಿಕೆ, ಅಂದರೆ ತಪ್ಪಿಸಿಕೊಳ್ಳೆ, ಕಟ್ಟಳೆ ಮೀರೆ ಎಂಬ ಮಾತು, ಬರೆದುಕೊಡಬೇಕಿತ್ತು. ಬ್ರಿಟನ್ನಿನಲ್ಲಿ ಈ ಕೆಲಸ ಕೈದಿಗಳನ್ನು ನೋಡಿಕೊಳ್ಳುತ್ತಿದ್ದ ಸರ್ಕಾರಿ ಮಂಡಳಿ ಟ್ರಾನ್ಸ್‌ಪೋರ್ಟ್ ಬೋರ್ಡಿನದು. ಸಾಮಾನ್ಯ ನಾವಿಕನನ್ನು ಜೈಲಿಗೋ ಹಳೆಯ ಹಡಗಿನ ಒಡಲಿಗೋ ತಳ್ಳಿದರೆ, ಅಧಿಕಾರಿಯನ್ನು ಒಳನಾಡಿನ ಗೊತ್ತುಪಡಿಸಿದ ಊರಿಗೆ ಕಳಿಸುತ್ತಿದ್ದರು. ಅಲ್ಲಿ ಬಾಡಿಗೆ ಕೋಣೆ, ಬೋರ್ಡಿನ ಏಜೆಂಟನ ಕೈಯಿಂದ ದಿನಭತ್ಯೆ. ಹೆದ್ದಾರಿಯಲ್ಲಿ ಊರಾಚೆ ಒಂದು ಮೈಲಿಯವರೆಗೆ ಮಾತ್ರ ಹೋಗಬಹುದು, ಸಂಜೆ ಗಂಟೆ ಬಾರಿಸುವ ಹೊತ್ತಿಗೆ ಕೋಣೆ ಸೇರಿರಬೇಕು. ಪತ್ರಗಳೂ ಏಜೆಂಟನ ಕಣ್ಣು ದಾಟಿಯೇ ಹೋಗಬೇಕು.

ಅಲ್ಲಿಂದಲೇ ಆತ ಅರ್ಜಿ ಹಾಕುತ್ತಿದ್ದ. ‘ನನ್ನನ್ನು ಬಿಡಿ’ ಎಂದಷ್ಟೇ ಬರೆದರೆ ಅರ್ಜಿ ಮುಂದೆ ಸಾಗುವುದು ಕಷ್ಟ. ತನ್ನದೇ ದರ್ಜೆಯ ಯಾರು ಎದುರು ಪಕ್ಷದಲ್ಲಿ ಸೆರೆಯಲ್ಲಿದ್ದಾರೆಂದು ಹುಡುಕಿ, ಹೆಸರು ಸಮೇತ ಜೋಡಿ ತೋರಿಸಿದರೆ ಕೆಲಸ ಸಲೀಸು. ಹಲವರು ಇದಕ್ಕಾಗಿಯೇ ಪೆರೋಲ್ ಮೇಲೆ ತಮ್ಮ ದೇಶಕ್ಕೆ ಹೋಗಿ ಸರ್ಕಾರದ ಬಾಗಿಲು ತಟ್ಟುತ್ತಿದ್ದರು. ಕೆಲಸ ಆಗದಿದ್ದರೆ ಸೆರೆಗೆ ಮರಳುವುದೇ ಕರಾರು.

ಸರಿಸಮ ದರ್ಜೆಯವರು ಸಿಗದಿದ್ದರೆ? ಅದಕ್ಕೆ ದರಪಟ್ಟಿಯೇ ಇತ್ತು. ಆಗ ತಮ್ಮೊಳಗೇ ಯುದ್ಧದಲ್ಲಿದ್ದ ಬ್ರಿಟನ್ ಮತ್ತು ಅಮೆರಿಕದ ಪ್ರತಿನಿಧಿಗಳು 1813ರ ಮೇ 12ರಂದು ಸಹಿ ಹಾಕಿದ ಒಪ್ಪಂದದಲ್ಲಿ ಅದು ಸ್ಪಷ್ಟವಾಗಿದೆ. ದಂಡನಾಯಕ ಅಡ್ಮಿರಲ್ 60 ಆಳಿಗೆ ಸಮ, ದೊಡ್ಡ ಯುದ್ಧನೌಕೆಯ ಕ್ಯಾಪ್ಟನ್ 15ಕ್ಕೆ, ಫ್ರಿಗೇಟ್ ಎಂಬ ಚಿಕ್ಕ ಯುದ್ಧನೌಕೆಯ ಕ್ಯಾಪ್ಟನ್ 10ಕ್ಕೆ, ನೌಕಾ ಲೆಫ್ಟಿನೆಂಟ್ 6ಕ್ಕೆ, ಭೂಸೇನೆಯ ಲೆಫ್ಟಿನೆಂಟ್ 4ಕ್ಕೆ, ತರಬೇತಿಯಲ್ಲಿರುವ ಕಿರಿಯ ನೌಕಾಧಿಕಾರಿ ಮಿಡ್‌ಶಿಪ್‌ಮನ್ 3ಕ್ಕೆ, ನಾವಿಕ ಒಬ್ಬನಿಗೆ. ಅಂದರೆ ಒಬ್ಬ ಫ್ರಿಗೇಟ್ ಕ್ಯಾಪ್ಟನ್‌ಗೆ ಬದಲಾಗಿ ಒಬ್ಬ ನೌಕಾ ಲೆಫ್ಟಿನೆಂಟ್ ಮತ್ತು ಒಬ್ಬ ಸೇನಾ ಲೆಫ್ಟಿನೆಂಟ್ ಸೇರಿದರೆ ಲೆಕ್ಕ ಚುಕ್ತಾ. ಹತ್ತು ನಾವಿಕರಾದರೂ ಆದೀತು.

ಕೈದಿಗಳನ್ನು ಸಾಗಿಸುವುದಕ್ಕೆ ಕಾರ್ಟೆಲ್ ಎಂಬ ವಿನಿಮಯದ ಹಡಗು. ಅದರ ಮೇಲೆ ಸಂಧಾನದ ಬಾವುಟ ಹಾರುತ್ತಿತ್ತು. ಸಂಕೇತಕ್ಕೆಂದು ಒಂದು ತೋಪು ಬಿಟ್ಟರೆ ಬೇರೆ ಶಸ್ತ್ರ ಇರಕೂಡದು, ವ್ಯಾಪಾರದ ಸರಕನ್ನೂ ಹೇರಕೂಡದು. ದಡದಲ್ಲಿ ಎಣಿಸಿ ರಸೀದಿ ಕೊಟ್ಟ ಮೇಲೂ ಮುಗಿಯಲಿಲ್ಲ. ಎರಡೂ ಸರ್ಕಾರಗಳು ಆ ಹೆಸರನ್ನು ತಂತಮ್ಮ ಲೆಕ್ಕದಲ್ಲಿ ಹೊಡೆದು ಹಾಕುವವರೆಗೆ ಆತ ಪೆರೋಲ್ ಮೇಲಿದ್ದವನೇ. ಆಮೇಲೂ ಹಡಗು ಕಳೆದುಕೊಂಡ ಬ್ರಿಟಿಷ್ ಕ್ಯಾಪ್ಟನ್ ಕೋರ್ಟ್ ಮಾರ್ಷಲ್ ಎದುರಿಸಬೇಕಿತ್ತು. ಜಾಲೀಲ್ ಬ್ರೆಂಟನ್ ಇದಕ್ಕೆ ಒಳ್ಳೆಯ ಉದಾಹರಣೆ. 1803ರ ಜುಲೈನಲ್ಲಿ ಮಂಜಿನಲ್ಲಿ ಆತನ ‘ಮಿನರ್ವ್’ ಶೆರ್ಬರ್ಗ್ ಬಳಿ ನೆಲಕಚ್ಚಿ ಸೆರೆಸಿಕ್ಕ. ಬಿಡುಗಡೆಯಾದದ್ದು 1806ರ ಡಿಸೆಂಬರಿನಲ್ಲಿ, ಟ್ರಫಾಲ್ಗರ್ ನೌಕಾಯುದ್ಧದಲ್ಲಿ ಸೆರೆಸಿಕ್ಕಿದ್ದ ಫ್ರೆಂಚ್ ಕ್ಯಾಪ್ಟನ್ ಇನ್ಫರ್ನೆಗೆ ಬದಲಾಗಿ. ವಿಚಾರಣೆಯಲ್ಲಿ ನಿರ್ದೋಷಿ ಎಂದಾದ ಮೇಲೆ ‘ಸ್ಪಾರ್ಟನ್’ ಹಡಗು ಕೈಗೆ ಬಂತು.

ಪ್ರಶ್ನೆ: ಇಷ್ಟು ವ್ಯವಸ್ಥೆ ಇದ್ದೂ ಸಾವಿರಾರು ಜನ 1814ರವರೆಗೆ ಸೆರೆಯಲ್ಲೇ ಕೊಳೆತದ್ದೇಕೆ?
– ಓದುಗರು, ಶಿವಮೊಗ್ಗ

ಉತ್ತರ: ಗಂಟು ಬಿದ್ದದ್ದು 1803ರ ಮೇ ತಿಂಗಳಲ್ಲೇ. ಫ್ರಾನ್ಸಿನಲ್ಲಿದ್ದ ಬ್ರಿಟಿಷ್ ಗಂಡಸರನ್ನೆಲ್ಲ, ಪ್ರವಾಸಿಗಳನ್ನೂ ವ್ಯಾಪಾರಿಗಳನ್ನೂ ಬಿಡದೆ, ಹಿಡಿದಿಡಲು ನೆಪೋಲಿಯನ್ ಆಜ್ಞೆ ಮಾಡಿದ. ಹಲವರನ್ನು ವೆರ್ಡನ್ ಊರಿನಲ್ಲಿಟ್ಟರು. ಇವರು ಯುದ್ಧಕೈದಿಗಳೇ ಅಲ್ಲ, ಇವರಿಗೆ ಬದಲಾಗಿ ಸೈನಿಕರನ್ನು ಕೊಡೆವು ಎಂದು ಲಂಡನ್ ಪಟ್ಟು ಹಿಡಿಯಿತು. ಕೊಟ್ಟಿದ್ದರೆ ಮುಂದಿನ ಯುದ್ಧದಲ್ಲೂ ಪ್ರವಾಸಿಗಳನ್ನು ಹಿಡಿಯಲು ದಾರಿಯಾಗುತ್ತಿತ್ತು. ಹಾಗಾಗಿ ಆ ಪಟ್ಟು ನ್ಯಾಯವಾದದ್ದೇ, ಆದರೆ ಅದರ ಬೆಲೆ ತೆತ್ತವರು ಕೈದಿಗಳು.

1810ರಲ್ಲಿ ಮೊರ್ಲೆ ಬಂದರಿನಲ್ಲಿ ಬ್ರಿಟನ್ ಪರ ಕಾಲಿನ್ ಮೆಕೆಂಝಿ, ಫ್ರಾನ್ಸ್ ಪರ ದ್ಯು ಮುಸ್ತಿಯೆ ತಿಂಗಳುಗಟ್ಟಲೆ ಮಾತಾಡಿದರು. ಬ್ರಿಟನ್ ಬಳಿ ಇದ್ದ ಕೈದಿಗಳು ಫ್ರಾನ್ಸಿನ ಬಳಿ ಇದ್ದವರಿಗಿಂತ ಹಲವು ಪಟ್ಟು ಹೆಚ್ಚು. ಮೂವರು ಫ್ರೆಂಚರಿಗೆ ಒಬ್ಬ ಬ್ರಿಟಿಷ್ ಮತ್ತು ಇಬ್ಬರು ಸ್ಪೇನ್ ಇಲ್ಲವೇ ಪೋರ್ಚುಗಲ್‌ನವರು ಎಂದು ನೆಪೋಲಿಯನ್ ಸೂತ್ರ ಮುಂದಿಟ್ಟ. ಮೊದಲು ಬ್ರಿಟಿಷರೆಲ್ಲರ ಲೆಕ್ಕ ತಲೆಗೆ ತಲೆಯಂತೆ ತೀರಲಿ ಎಂಬುದು ಲಂಡನ್ನಿನ ಹಟ. ನಡುದಾರಿಯಲ್ಲಿ ಎದುರಿನವರು ವಿನಿಮಯ ನಿಲ್ಲಿಸಿಬಿಟ್ಟರೆ ಎಂಬ ಅಂಜಿಕೆ ಇಬ್ಬರಿಗೂ ಇತ್ತು. ಮಾತುಕತೆ ಮುರಿಯಿತು.

ಮಾತಿಗೆ ತಪ್ಪಿದವರೂ ಇದ್ದರು. ಚೆಲ್ಟನ್‌ಹ್ಯಾಮ್‌ನಲ್ಲಿ ಪೆರೋಲ್ ಮೇಲಿದ್ದ ಫ್ರೆಂಚ್ ಜನರಲ್ ಲೆಫೆವ್ರ್-ದೆನುಯೆತ್ 1812ರಲ್ಲಿ ತಪ್ಪಿಸಿಕೊಂಡು ಹೋಗಿ ಮತ್ತೆ ನೆಪೋಲಿಯನ್ ಸೇನೆ ಸೇರಿದ. ಬೆರ್ಜರೆ ಎಂಬ ಫ್ರೆಂಚ್ ಕ್ಯಾಪ್ಟನ್ನನದು ಇದಕ್ಕೆ ತದ್ವಿರುದ್ಧ ನಡತೆ. 1796ರಲ್ಲಿ ಸೆರೆಸಿಕ್ಕ ಆತನನ್ನು ಪ್ಯಾರಿಸ್ಸಿನಲ್ಲಿ ಬಂಧಿಯಾಗಿದ್ದ ಬ್ರಿಟಿಷ್ ನೌಕಾಧಿಕಾರಿ ಸಿಡ್ನಿ ಸ್ಮಿತ್‌ಗೆ ಬದಲಾಗಿ ಬಿಡಲು ಬ್ರಿಟಿಷರು ಒಪ್ಪಿ, ಪೆರೋಲ್ ಮೇಲೆ ಕಳಿಸಿದರು. ಪ್ಯಾರಿಸ್ ಒಪ್ಪಲಿಲ್ಲ. ಬೆರ್ಜರೆ ತಾನಾಗಿಯೇ ಸೆರೆಗೆ ಮರಳಿದ. 1798ರಲ್ಲಿ ಸ್ಮಿತ್ ತಪ್ಪಿಸಿಕೊಂಡು ಲಂಡನ್ ಸೇರಿದಾಗ, ಬ್ರಿಟಿಷರು ಬದಲಿ ಕೇಳದೆ ಬೆರ್ಜರೆಯನ್ನು ಬಿಟ್ಟರು. ಇದೇ ಬೆರ್ಜರೆ 1805ರಲ್ಲಿ ಭಾರತದ ಸಮುದ್ರಗಳಲ್ಲಿ ‘ಸೈಕೀ’ ಹಡಗಿನಿಂದ ಕಾದಾಡಿ ಮತ್ತೆ ಬ್ರಿಟಿಷರಿಗೆ ಶರಣಾದ.

ಪ್ರಶ್ನೆ: ಭಾರತದಿಂದ ಇಂಥ ವಿನಿಮಯ ನಡೆದಿತ್ತೇ?
– ಓದುಗರು, ಮಂಗಳೂರು

ಉತ್ತರ: ನಡೆದಿತ್ತು. ಆಸ್ಟ್ರೇಲಿಯಾ ಕರಾವಳಿಯ ನಕ್ಷೆ ಬರೆದ ಬ್ರಿಟಿಷ್ ನೌಕಾಧಿಕಾರಿ ಮ್ಯಾಥ್ಯೂ ಫ್ಲಿಂಡರ್ಸ್ 1803ರ ಡಿಸೆಂಬರಿನಲ್ಲಿ, ಆಗ ಫ್ರೆಂಚರ ವಶದಲ್ಲಿದ್ದ ಮಾರಿಷಸ್‌ನಲ್ಲಿ ಇಳಿದಾಗ ಆತನ ಬಳಿಯಿದ್ದ ಫ್ರೆಂಚ್ ರಹದಾರಿ ‘ಇನ್ವೆಸ್ಟಿಗೇಟರ್’ ಹಡಗಿನದು, ಬಂದದ್ದು ‘ಕಂಬರ್‌ಲೆಂಡ್’ನಲ್ಲಿ. ಗವರ್ನರ್ ದೆಕೆನ್ ಹಿಡಿದಿಟ್ಟ. 1806ರಲ್ಲೇ ಪ್ಯಾರಿಸ್ಸಿನಿಂದ ಬಿಡುಗಡೆಗೆ ಒಪ್ಪಿಗೆ ಸಿಕ್ಕಿದ್ದರೂ ದೆಕೆನ್ ಬಿಡಲಿಲ್ಲ. ಕೊನೆಗೆ ಬಂಗಾಳದಿಂದ ಕೈದಿ ವಿನಿಮಯಕ್ಕೆಂದು ಬ್ರಿಟಿಷ್ ಪ್ರತಿನಿಧಿ ಹ್ಯೂ ಹೋಪ್ ಬಂದ ‘ಹ್ಯಾರಿಯೆಟ್’ ಕಾರ್ಟೆಲ್ ಹಡಗಿನಲ್ಲಿ, 1810ರ ಜೂನ್‌ನಲ್ಲಿ ಹೊರಟ. ಈ ಯುದ್ಧ ಮುಗಿಯುವವರೆಗೆ ಫ್ರಾನ್ಸಿನ ವಿರುದ್ಧ ಸೇವೆ ಮಾಡೆನೆಂಬ ಮುಚ್ಚಳಿಕೆ ಬರೆದುಕೊಟ್ಟ ಮೇಲೆಯೇ.