ಹೊಸ ಬ್ಯಾಟರಿ ಹಾಕಿಸಿದರೂ ಹಳೆಯ ಎಚ್ಚರಿಕೆ

ಪ್ರಶ್ನೆ: ನನ್ನದು ಐದು ವರ್ಷ ಹಳೆಯ ಪೆಟ್ರೋಲ್ ಕಾರು, ಸಿಗ್ನಲ್‌ನಲ್ಲಿ ತಾನಾಗಿಯೇ ಎಂಜಿನ್ ಆಫ್ ಆಗಿ ಮತ್ತೆ ಆನ್ ಆಗುವ ಮಾದರಿ. ಬ್ಯಾಟರಿ ಚಾರ್ಜ್ ಕಡಿಮೆ ಎಂಬ ಸಂದೇಶ ಪದೇ ಪದೇ ಬರುತ್ತಿತ್ತು. ಬ್ಯಾಟರಿ ಬದಲಿಸಿದೆ. ಮೂರೇ ವಾರಕ್ಕೆ ಮತ್ತೆ ಶುರುವಾಗಿದೆ, ಅದರಲ್ಲೂ ಸೋಮವಾರ ಬೆಳಿಗ್ಗೆ ತಪ್ಪುವುದೇ ಇಲ್ಲ. ಮಗಳನ್ನು ಶಾಲೆಗೆ ಬಿಟ್ಟು ಬರುವ ಆರು ಕಿಲೋಮೀಟರ್ ಬಿಟ್ಟರೆ ಕಾರು ಹೊರಗೆ ಹೋಗುವುದು ಅಪರೂಪ. ಅಂಗಡಿಯವರು ಇನ್ನೂ ದೊಡ್ಡ ಬ್ಯಾಟರಿ ಹಾಕಿಸಿ ಎನ್ನುತ್ತಿದ್ದಾರೆ. ಏನು ಮಾಡಲಿ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಹಾಕಿಸಬೇಡಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ, ಕಾರಿನಲ್ಲಿ ಕರೆಂಟಿನ ಯಾವ ತೊಂದರೆ ಬಂದರೂ ದಂಡ ತೆರುವುದು ಬ್ಯಾಟರಿಯೇ. ಮೊದಲು ವೋಲ್ಟ್ ಅಳೆಯುವ ಒಂದು ಸಾಧಾರಣ ಮಲ್ಟಿಮೀಟರ್ ತನ್ನಿ.

ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿಯನ್ನು ಬೆಳಿಗ್ಗೆ ಸೆಲ್ಫ್ ಹೊಡೆಯುವ ಮುನ್ನ ಅಳೆಯಿರಿ. 12.6 ವೋಲ್ಟ್ ಅಥವಾ ತುಸು ಹೆಚ್ಚಿದ್ದರೆ ತುಂಬಿದೆ ಎಂದರ್ಥ. 12.2 ಎಂದರೆ ಸುಮಾರು ಅರ್ಧ. 12ಕ್ಕಿಂತ ಕೆಳಗಿದ್ದರೆ ಸಂದೇಶ ಬರುವುದರಲ್ಲಿ ಆಶ್ಚರ್ಯವಿಲ್ಲ. ಆಮೇಲೆ ಎಂಜಿನ್ ಚಾಲೂ ಮಾಡಿ, ಹೆಡ್‌ಲೈಟ್ ಹಾಕಿ ಮತ್ತೆ ನೋಡಿ. ಸಾಮಾನ್ಯವಾಗಿ 13.8ರಿಂದ 14.5ರ ಆಸುಪಾಸು ಇರಬೇಕು. ಇತ್ತೀಚಿನ ಕಾರುಗಳಲ್ಲಿ ಆಲ್ಟರ್ನೇಟರನ್ನು (ಎಂಜಿನ್ ಓಡುವಾಗ ಬ್ಯಾಟರಿ ತುಂಬುವ ಯಂತ್ರ) ಕಂಪ್ಯೂಟರ್ ಹಿಡಿತದಲ್ಲಿಟ್ಟುಕೊಳ್ಳುವುದರಿಂದ ಅಂಕಿ ಆಗಾಗ ಇಳಿದು ಏರುತ್ತದೆ. ಅದಕ್ಕೆ ಗಾಬರಿ ಬೇಡ. ಏರದೆ 12ರ ಹತ್ತಿರವೇ ಕುಳಿತರೆ ಮಾತ್ರ ಆಲ್ಟರ್ನೇಟರ್, ಅದರ ಬೆಲ್ಟ್ ಅಥವಾ ವೈರು ನೋಡಿಸಿ.

ನಿಮ್ಮ ಪತ್ರದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಸೋಮವಾರ. ಶನಿವಾರ ಮಧ್ಯಾಹ್ನ ನಿಲ್ಲಿಸಿದ ಕಾರು ಸೋಮವಾರ ಎಂಟು ಗಂಟೆಗೆ ಎದ್ದರೆ 44 ತಾಸು ಆಯಿತು. ಲಾಕ್ ಮಾಡಿದ ಆರೋಗ್ಯವಂತ ಕಾರು ಎಳೆಯುವುದು ಹೆಚ್ಚೆಂದರೆ 50 ಮಿಲಿಆಂಪಿಯರ್ ಕರೆಂಟು. ಅಷ್ಟು ತಾಸಿಗೆ ಸುಮಾರು 2 ಆಂಪಿಯರ್-ಅವರ್ (ಬ್ಯಾಟರಿಯಲ್ಲಿ ಹಿಡಿಯುವ ಚಾರ್ಜಿನ ಅಳತೆ). ಎಲ್ಲೋ ಒಂದು ಕಡೆ 400 ಮಿಲಿಆಂಪಿಯರ್ ಸೋರುತ್ತಿದೆ ಎಂದುಕೊಳ್ಳಿ. ಆಗ ಖರ್ಚು 17ಕ್ಕೂ ಹೆಚ್ಚು. 45 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಹೋಯಿತು. ಬಿಂದಿಗೆಯೇ ಸೋರುವಾಗ ಅದಕ್ಕಿಂತ ದೊಡ್ಡ ಬಿಂದಿಗೆ ತಂದು ಏನು ಪ್ರಯೋಜನ?

ಸೋರಿಕೆಯ ಮೊದಲ ಸಂಶಯ ಕಾರಿನೊಂದಿಗೆ ಬಂದದ್ದರ ಮೇಲಲ್ಲ, ಆಮೇಲೆ ಹಾಕಿಸಿದ್ದರ ಮೇಲೆ: ನಿಲ್ಲಿಸಿದಾಗಲೂ ರೆಕಾರ್ಡ್ ಮಾಡುವ ಡ್ಯಾಶ್‌ಕ್ಯಾಮ್, ಜಿಪಿಎಸ್ ಟ್ರ್ಯಾಕರ್, ಹೊರಗಿನ ಅಂಗಡಿಯಲ್ಲಿ ಕೂರಿಸಿದ ಮ್ಯೂಸಿಕ್ ಸಿಸ್ಟಂ. ಒಮ್ಮೆ ನನ್ನ ಬಳಿ ಬಂದ ಕಾರಿನಲ್ಲಿ ಇವ್ಯಾವುವೂ ಇರಲಿಲ್ಲ. ಕೊನೆಗೆ ಮೊಬೈಲಿನಲ್ಲಿ ವಿಡಿಯೊ ಆನ್ ಮಾಡಿ ಡಿಕ್ಕಿಯೊಳಗಿಟ್ಟು ಮುಚ್ಚಿದೆ. ತೆಗೆದು ನೋಡಿದರೆ, ಬಾಗಿಲು ಮುಚ್ಚಿದ ಮೇಲೂ ಡಿಕ್ಕಿಯ ದೀಪ ಆರಾಮಾಗಿ ಉರಿಯುತ್ತಿತ್ತು!

ಸೋರಿಕೆಯನ್ನು ಅಳೆಯುವ ಕೆಲಸವನ್ನು ಒಳ್ಳೆಯ ಆಟೊ ಎಲೆಕ್ಟ್ರಿಷಿಯನ್‌ಗೆ ಬಿಡಿ, ಆದರೆ ಪಕ್ಕದಲ್ಲಿ ನಿಂತಿರಿ. ಲಾಕ್ ಮಾಡಿದ ತಕ್ಷಣ ಅಳೆದರೆ ಅಂಕಿ ದೊಡ್ಡದಾಗಿಯೇ ಕಾಣುತ್ತದೆ. ಕಾರಿನ ಕಂಪ್ಯೂಟರುಗಳೆಲ್ಲ ಮಲಗಲು ಅರ್ಧ ಗಂಟೆಯಾದರೂ ಬೇಕು. ಆಮೇಲೆ ಒಂದೊಂದೇ ಫ್ಯೂಸ್ ತೆಗೆಯುತ್ತಾ ಹೋದರೆ, ಯಾವುದನ್ನು ಕಿತ್ತಾಗ ಅಂಕಿ ದಿಢೀರ್ ಇಳಿಯುತ್ತದೆಯೋ ಅಲ್ಲಿ ಕಳ್ಳನಿದ್ದಾನೆ. ಸೋರಿಕೆ ಅಳೆಯಲು ಮೀಟರನ್ನು ಬ್ಯಾಟರಿಗೂ ಅದರ ವೈರಿಗೂ ನಡುವೆ ಸಿಕ್ಕಿಸಿದಾಗ ಯಾರೂ ಸೆಲ್ಫ್ ಹೊಡೆಯಕೂಡದು, ಮೀಟರ್ ಸುಟ್ಟೀತು.

ಇನ್ನು ಆರು ಕಿಲೋಮೀಟರ್. ಬಿಡಲು ಮೂರು, ಬರಲು ಮೂರು, ನಡುವೆ ಎಸಿ, ಜೊತೆಗೆ ಸಿಗ್ನಲ್‌ನಲ್ಲಿ ಮತ್ತೆ ಮತ್ತೆ ಸ್ಟಾರ್ಟ್. ಸೀಸ-ಆಮ್ಲದ ಬ್ಯಾಟರಿ ನಿಧಾನವಾಗಿ ತುಂಬುವಂಥದ್ದು. ಇಷ್ಟರಲ್ಲಿ ಪೂರ್ತಿ ತುಂಬುವುದಿಲ್ಲ. ಅರೆತುಂಬಿಯೇ ಉಳಿದರೆ ಒಳಗಿನ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ, ಹೊಸದೂ ಬೇಗ ಮುದಿಯಾಗುತ್ತದೆ. ವಾರಕ್ಕೊಮ್ಮೆ ಹರಿಹರದ ಆಚೆಗೂ ಹೆದ್ದಾರಿಯಲ್ಲಿ ಒಂದು ತಾಸು ಓಡಿಸಿ, ಇಲ್ಲವೇ ತಿಂಗಳಿಗೊಮ್ಮೆ ಚಾರ್ಜರ್ ಹಾಕಿ ರಾತ್ರಿಯಿಡೀ ಬಿಡಿ.

ಅಂಗಡಿಯವರಿಗೆ ಒಂದು ಪ್ರಶ್ನೆ ಕೇಳಿ: ಹಾಕಿದ್ದು ಇಎಫ್‌ಬಿ ಅಥವಾ ಎಜಿಎಂ ಬ್ಯಾಟರಿಯೇ (ಪದೇ ಪದೇ ಸ್ಟಾರ್ಟ್ ಆಗುವುದನ್ನು ತಾಳುವ ಗಟ್ಟಿ ಬಗೆಗಳು), ಸಾದಾ ಬ್ಯಾಟರಿಯೇ? ನಿಮ್ಮಂಥ ಕಾರಿಗೆ ಸಾದಾ ಬ್ಯಾಟರಿ ಬಾಳುವುದಿಲ್ಲ. ಇಂಥ ಹಲವು ಕಾರುಗಳಲ್ಲಿ ಬ್ಯಾಟರಿಯ ಋಣ (ಮೈನಸ್) ಟರ್ಮಿನಲ್ ಮೇಲೆ ಒಂದು ಸಣ್ಣ ಸೆನ್ಸರ್ ಕೂತಿರುತ್ತದೆ. ಬ್ಯಾಟರಿ ಬದಲಾದ ಸಂಗತಿಯನ್ನು ಗ್ಯಾರೇಜಿನ ಸ್ಕ್ಯಾನರ್ (ಕಾರಿನ ಕಂಪ್ಯೂಟರಿಗೆ ಜೋಡಿಸುವ ಉಪಕರಣ) ಮೂಲಕ ಅದಕ್ಕೆ ತಿಳಿಸದಿದ್ದರೆ, ಕೆಲವು ಮಾದರಿಗಳು ಹಳೆಯ ಲೆಕ್ಕದಲ್ಲಿಯೇ ದೂರುತ್ತಿರುತ್ತವೆ. ಟರ್ಮಿನಲ್ ಮೇಲಿನ ಬಿಳಿ-ಹಸಿರು ಪುಡಿಯನ್ನೂ, ಕಾರಿನ ಲೋಹದ ಮೈಗೆ ಕಚ್ಚಿದ ಅರ್ತ್ ವೈರಿನ ಬೋಲ್ಟನ್ನೂ ಇದೇ ಕೈಯಲ್ಲಿ ಶುಚಿ ಮಾಡಿಸಿ.

ಓಡುತ್ತಿರುವಾಗ ಕೆಂಪು ಬ್ಯಾಟರಿ ದೀಪ ಹತ್ತಿದರೆ ಮಾತ್ರ ಇದೆಲ್ಲ ಕಾಯುತ್ತಾ ಕೂರುವಂತಿಲ್ಲ. ಎಸಿ, ಮ್ಯೂಸಿಕ್ ಬಂದ್ ಮಾಡಿ ಹತ್ತಿರದ ಗ್ಯಾರೇಜಿಗೆ ಹೋಗಿ. ತಾಪದ ಮುಳ್ಳೂ ಏರುತ್ತಿದ್ದರೆ ಬೆಲ್ಟ್ ತುಂಡಾಗಿರಬಹುದು, ಅಲ್ಲಿಯೇ ಬದಿಗೆ ನಿಲ್ಲಿಸಿ.

ಪ್ರಶ್ನೆ: ಸ್ಟಾರ್ಟ್ ಬಟನ್ ಒತ್ತಿದಾಗಲೆಲ್ಲ ಕೀ ಬ್ಯಾಟರಿ ಕಡಿಮೆ ಎಂದು ತೋರಿಸುತ್ತದೆ. ಕಾರಿನ ಬ್ಯಾಟರಿ ಬದಲಿಸಬೇಕೇ?
– ಓದುಗರೊಬ್ಬರು, ಪುತ್ತೂರು

ಉತ್ತರ: ಬೇಡ, ಅದು ಕೀಲಿಯೊಳಗಿನ ಗುಂಡಿ ಸೆಲ್. ಹಳೆಯದರ ಮೇಲಿನ ಸಂಖ್ಯೆ (ಹೆಚ್ಚಾಗಿ ಸಿಆರ್ 2032) ನೋಡಿ ಅದನ್ನೇ ತನ್ನಿ. ಅಲ್ಲಿಯವರೆಗೆ ಕಾರು ಕೀಲಿಯನ್ನು ಗುರುತಿಸದಿದ್ದರೆ, ಕೀಲಿಯನ್ನೇ ಸ್ಟಾರ್ಟ್ ಬಟನ್‌ಗೆ ತಾಗಿಸಿ ಒತ್ತಿ ನೋಡಿ. ಅನೇಕ ಕಾರುಗಳಲ್ಲಿ ಅಷ್ಟೇ ಸಾಕಾಗುತ್ತದೆ.