ಹೊಳೆ ದಾಟಿದ ಮೇಲೆ ಡಿಫರೆನ್ಷಿಯಲ್ ಎಣ್ಣೆ ಬೆಳ್ಳಗಾದರೆ

ಆಕ್ಸಲ್ ಒಳಗಿನ ಗಾಳಿ ಆಡುವ ಸಣ್ಣ ಕಿಂಡಿಯಾದ ಬ್ರೀದರ್ ಮೂಲಕ ನೀರು ಒಳಗೆ ಹೋಗಿರುವ ಸಾಧ್ಯತೆಯೇ ಹೆಚ್ಚು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಬೆಟ್ಟಗಳಲ್ಲಿ ಹೊಳೆ ದಾಟಿದ ಮೇಲೆ ನಿಮ್ಮ ಹಳೆಯ ಟೊಯೊಟಾ ಹೈಲಕ್ಸ್ ಯೂಟ್‌ನ (ಪಿಕಪ್ ಗಾಡಿಯ) ಹಿಂದಿನ ಡಿಫರೆನ್ಷಿಯಲ್ (ಎರಡು ಚಕ್ರಗಳಿಗೆ ಶಕ್ತಿ ಹಂಚುವ ಗೇರ್‌ಗಳ ಜೋಡಣೆ) ಎಣ್ಣೆ ಹಾಲು ಬೆರೆಸಿದ ಕಾಫಿಯಂತಾಗಿದೆ ಎಂದಿದ್ದೀರಿ. ಕಾದ ಆಕ್ಸಲ್ ತಣ್ಣೀರಿಗಿಳಿದಾಗ ಒಳಗಿನ ಗಾಳಿ ಕುಗ್ಗಿ ನೀರನ್ನು ಎಳೆದುಕೊಳ್ಳುತ್ತದೆ. ಎಣ್ಣೆ ಸೋರದಂತೆ, ನೀರು ನುಗ್ಗದಂತೆ ತಡೆಯುವ ಸೀಲ್ ಕೂಡ ಸವೆದಿರಬಹುದು, ನೋಡದೆ ಹೇಳಲಾಗದು.

ಇದೇ ಎಣ್ಣೆಯಲ್ಲಿ ದಯವಿಟ್ಟು ಓಡಿಸಬೇಡಿ, ಬೇರಿಂಗ್ ತುಕ್ಕು ಹಿಡಿಯುತ್ತದೆ. ಮೊದಲು ಎಣ್ಣೆ ತುಂಬುವ ಮೇಲಿನ ಬೋಲ್ಟ್ ಬಿಚ್ಚಿ. ಅದು ಕದಲಿದ ಮೇಲೆಯೇ ಎಣ್ಣೆ ಇಳಿಸುವ ಕೆಳಗಿನ ಬೋಲ್ಟ್‌ಗೆ ಕೈ ಹಾಕಿ, ಇಲ್ಲವಾದರೆ ಮತ್ತೆ ತುಂಬಲಾಗದೆ ಎಣ್ಣೆ ಖಾಲಿಯಾದ ಗಾಡಿ ಅಲ್ಲೇ ನಿಲ್ಲುತ್ತದೆ. ಇಳಿದ ಎಣ್ಣೆಯಲ್ಲಿ ಲೋಹದ ಚೂರುಗಳು ಕಂಡರೆ ಮೆಕ್ಯಾನಿಕ್‌ಗೆ ತೋರಿಸಿ. ಇಲ್ಲವಾದರೆ ಹೊಸ ಎಣ್ಣೆ ತುಂಬಿ, ಸ್ವಲ್ಪ ಓಡಿಸಿ, ಮತ್ತೊಮ್ಮೆ ಬದಲಿಸಿ.

ಆಮೇಲೆ ಬ್ರೀದರ್ ಜಾಗಕ್ಕೆ ರಬ್ಬರ್ ಕೊಳವೆ ಜೋಡಿಸಿ, ತುದಿಯನ್ನು ನೀರು ಮುಟ್ಟದ ಎತ್ತರಕ್ಕೆ ಒಯ್ಯಿರಿ. ಆಕ್ಸಲ್ ಪೂರ್ತಿ ಕೆಳಗಿಳಿದರೂ ಎಳೆಯದಷ್ಟು ಸಡಿಲ ಬಿಡಿ. ಮುಂದಿನ ಹೊಳೆಯ ನಂತರವೂ ಎಣ್ಣೆ ಬೆಳ್ಳಗಾದರೆ ಸೀಲ್ ಬದಲಿಸಿ.