ಹುಡುಗ ಹೋದ, ಪಾಸ್‌ವರ್ಡ್ ಅವನ ಹತ್ತಿರವೇ ಇದೆ

ಪ್ರಶ್ನೆ: ತೀರ್ಥಹಳ್ಳಿಯಲ್ಲಿ ನಮ್ಮದು ಅಡಿಕೆ ವ್ಯಾಪಾರ. ಲೆಕ್ಕದ ಸಾಫ್ಟ್‌ವೇರ್ ಕ್ಲೌಡಿನಲ್ಲಿದೆ, ಆ ಕ್ಲೌಡ್ ನಡೆಯುವುದು ಓಪನ್‌ಸ್ಟ್ಯಾಕ್ ಅನ್ನುವ ಸಾಫ್ಟ್‌ವೇರಿನಲ್ಲಿ. ನಾಲ್ಕು ಜನಕ್ಕೂ ಒಂದೇ ಪಾಸ್‌ವರ್ಡ್. ಅದನ್ನೆಲ್ಲ ನೋಡಿಕೊಳ್ಳುತ್ತಿದ್ದ ಹುಡುಗ ಕೆಲಸ ಬಿಟ್ಟು ಬೆಂಗಳೂರಿಗೆ ಹೋದ. ಪಾಸ್‌ವರ್ಡ್ ಬದಲಿಸೋಣ ಅಂದ್ರೆ, ರಾತ್ರಿ ತಾನಾಗಿಯೇ ಬ್ಯಾಕಪ್ ತೆಗೆಯುವ ಸ್ಕ್ರಿಪ್ಟಿನಲ್ಲೂ (ಪುಟ್ಟ ಪ್ರೋಗ್ರಾಮ್) ಅದೇ ಇದೆ. ಏನು ಮಾಡಲಿ?

ಉತ್ತರ: ಇವತ್ತೇ ಬದಲಿಸಿ. ಒಂದು ರಾತ್ರಿ ಬ್ಯಾಕಪ್ ತಪ್ಪಿದರೆ ಅಂಗಡಿ ಮುಳುಗುವುದಿಲ್ಲ.

ಓಪನ್‌ಸ್ಟ್ಯಾಕ್‌ನಲ್ಲಿ ಬಂದವರು ಯಾರು, ಅವರು ಏನೇನು ಮಾಡಬಹುದು ಅಂತ ನೋಡಿಕೊಳ್ಳುವ ಸೇವೆಯ ಹೆಸರು ಕೀಸ್ಟೋನ್. ಪಾಸ್‌ವರ್ಡ್ ಸರಿಯಿದ್ದರೆ ಅದು ಸ್ವಲ್ಪ ಹೊತ್ತು ನಡೆಯುವ ಟೋಕನ್, ಅಂದರೆ ಒಳಗೆ ಬಿಡುವ ಚೀಟಿ, ಕೊಡುತ್ತದೆ. ಪಾಸ್‌ವರ್ಡ್ ಬದಲಿಸಿದರೆ ಹಳೆಯ ಟೋಕನ್‌ಗಳೂ ರದ್ದಾಗುತ್ತವೆ.

ಆದರೆ ಒಂದು ಕಳ್ಳದಾರಿ ಉಳಿದಿರುತ್ತದೆ, ನಮ್ಮಲ್ಲಿ ಜಾಸ್ತಿ ಜನ ಅದನ್ನು ನೋಡುವುದೇ ಇಲ್ಲ. 2018ರ ಕ್ವೀನ್ಸ್ ಆವೃತ್ತಿಯಿಂದ ಕೀಸ್ಟೋನ್‌ನಲ್ಲಿ ಅಪ್ಲಿಕೇಶನ್ ಕ್ರೆಡೆನ್ಷಿಯಲ್ ಅಂತ ಇದೆ. ಸ್ಕ್ರಿಪ್ಟಿಗೆಂದೇ ಮಾಡಿಸುವ ಬೇರೆ ಕೀಲಿ ಅದು. ಖಾತೆಯ ಪಾಸ್‌ವರ್ಡ್ ಬದಲಾದರೂ ಅದು ನಡೆಯುತ್ತಲೇ ಇರುತ್ತದೆ! ಹುಡುಗ ಅಂಥದ್ದೊಂದು ಮಾಡಿಟ್ಟಿದ್ದರೆ ಬಾಗಿಲು ತೆರೆದೇ ಇದೆ ಅಂತ ಅರ್ಥ. ಅವನು ಒಳ್ಳೆಯವನೇ ಇರಬಹುದು, ಆದರೂ ಪಟ್ಟಿ ತೆಗೆಸಿ ನೋಡಿ. ಯಾವುದಕ್ಕೆಂದು ಗೊತ್ತಿಲ್ಲದ್ದನ್ನು ಅಳಿಸಿ.

ನಿಮ್ಮ ಬ್ಯಾಕಪ್ಪಿಗೆ ಬೇಕಾದದ್ದೂ ಇದೇ ಕೀಲಿ. ಕ್ಲೌಡ್ ಕಂಪನಿಯವರಿಗೆ ಹೇಳಿ ಬ್ಯಾಕಪ್ಪಿಗೊಂದು ಪ್ರತ್ಯೇಕ ಬಳಕೆದಾರ ಖಾತೆ ಮಾಡಿಸಿ, ಕೀಲಿಯನ್ನು ಅದರ ಹೆಸರಲ್ಲಿ ತೆಗೆಯಿರಿ. ಯಾರದೋ ಸ್ವಂತ ಖಾತೆಯಲ್ಲಿ ತೆಗೆದರೆ, ಆ ಖಾತೆ ಅಳಿಸಿದ ದಿನ ಕೀಲಿಯೂ ಹೋಗುತ್ತದೆ. ಅದಕ್ಕೆ ಅಡ್ಮಿನ್ ರೋಲ್ (ಏನೇನು ಮಾಡಬಹುದು ಅನ್ನುವ ಅಧಿಕಾರ) ಬೇಡ, ಸಾಮಾನ್ಯವಾಗಿ ಮೆಂಬರ್ ರೋಲ್ ಸಾಕು. ಕೀಲಿಯ ಗುಟ್ಟಿನ ಪದವನ್ನು (ಸೀಕ್ರೆಟ್) ಒಂದೇ ಸಲ ತೋರಿಸುತ್ತದೆ, ಆಗಲೇ ಜೋಪಾನ ಮಾಡಿ. ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಬೇಡಿ, ಮಾರಾಯ್ರೆ.

ಇನ್ನು ಆ ನಾಲ್ಕು ಜನ. ಮಂಡಿಯ ಹಮಾಲರು, ತೂಕದವರು, ಗುಮಾಸ್ತರು ಎಲ್ಲರೂ ಗುರುತಿನವರೇ, ಹಾಗಂತ ತಿಜೋರಿ ಕೀಲಿ ಎಲ್ಲರಿಗೂ ಕೊಡ್ತೀರಾ? ರಾಶಿ, ಬೆಟ್ಟೆ ಅಡಿಕೆಯ ರೇಟು ಬರೆಯುವವರಿಗೆ ಕ್ಲೌಡ್ ಖಾತೆಯೇ ಬೇಡ. ಲೆಕ್ಕದ ಸಾಫ್ಟ್‌ವೇರಿನ ಲಾಗಿನ್ ಸಾಕಲ್ವಾ? ಕ್ಲೌಡ್ ಒಳಗೆ ನಿಜಕ್ಕೂ ಹೋಗಬೇಕಾದವರಿಗೆ ಮಾತ್ರ ಒಬ್ಬೊಬ್ಬರಿಗೆ ಒಂದೊಂದು ಖಾತೆ ಮಾಡಿಸಿ.

ಹೊಸ ಕೀಲಿ ಹಾಕಿದ ಮೇಲೆ ಸ್ಕ್ರಿಪ್ಟ್ 401 ಎಂಬ ದೋಷ ಸಂಖ್ಯೆ ತೋರಿಸಿದರೆ ಕೀಲಿ ತಪ್ಪಾಗಿದೆ. 403 ತೋರಿಸಿದರೆ ಕೀಲಿ ಸರಿಯಿದೆ, ರೋಲ್ ಸಾಲುತ್ತಿಲ್ಲ.